ಮುಪ್ಪಿನ ಮಾತು ದೇಶನಿಂದೆಯೇ?

ಇಸ್ರೇಲಿನ ಚಲಚ್ಚಿತ್ರಗಳಲ್ಲಿ ಮುಪ್ಪೂ ಆಶಾಭಂಗವೂ ಮಿತಿಮೀರಿ ತುಂಬಿಕೊಂಡಿವೆಯೆಂದೂ, ಹಿರಿಯರು ಕಷ್ಟಪಟ್ಟು ಕಟ್ಟಿದ ನಾಡನ್ನು ಮಕ್ಕಳೇ ಹೀಗೆ ಹಳಿಯುವುದು ಕೃತಘ್ನತೆಯೆಂದೂ ಆಕ್ಷೇಪಿಸುವವರುಂಟು. ಈ ಆಕ್ಷೇಪವು ಮೇಲುನೋಟಕ್ಕೆ ದೇಶಭಕ್ತಿಯಂತೆ ತೋರಿದರೂ ವಿಚಾರದ ಮುಂದೆ ನಿಲ್ಲತಕ್ಕದ್ದಲ್ಲ.

ಆ ರಾಷ್ಟ್ರವು 1948ರಲ್ಲಿ ಹುಟ್ಟಿದಾಗ ಅದರ ಆದರ್ಶವು ಯೌವನದ ಮೂರ್ತಿಯಾಗಿತ್ತು. ನೇಗಿಲು ಹಿಡಿದು ಬರಡುನೆಲವನ್ನು ಉಳುವ, ಕೋವಿ ಹೊತ್ತು ಗಡಿಯನ್ನು ಕಾಯುವ ತರುಣನೇ ಅಲ್ಲಿಯ ಹೊಸ ಮನುಷ್ಯ. ಅಂದು 20ರ ಪ್ರಾಯದವನಾಗಿದ್ದವನಿಗೆ 2011ರಲ್ಲಿ 83 ತುಂಬಿತು. ಆದರ್ಶಕ್ಕೆ ನರೆ ಬರಲಿಲ್ಲ, ಮನುಷ್ಯನಿಗೆ ಬಂದಿತು. ಈ ಅಂತರವನ್ನು ಹೇಳಿದರೆ ನಿಂದೆಯಾದೀತೆ?

ಆ 2011ರಲ್ಲಿಯೇ ಜೋಸೆಫ್ ಸೀಡರರ ‘ಅಡಿಟಿಪ್ಪಣಿ’ ಎಂಬರ್ಥದ ಹೆಸರುಳ್ಳ ಚಿತ್ರವು ಕಾನ್ ಉತ್ಸವದಲ್ಲಿ ಚಿತ್ರಕಥೆಯ ಪ್ರಶಸ್ತಿಯನ್ನು ಪಡೆಯಿತು. ಅದರ ವೃದ್ಧ ವಿದ್ವಾಂಸ ಎಲಿಯೆಜರನು ತಾಲ್ಮೂದ್ ಗ್ರಂಥದ ಪಾಠಾಂತರಗಳನ್ನು ತೂಗಿ ನೋಡುವುದರಲ್ಲಿ ಬಾಳನ್ನೇ ಸವೆಸಿದವನು. ಅವನು ಫಲವನ್ನು ಪ್ರಕಟಿಸುವಷ್ಟರಲ್ಲಿ ಮತ್ತೊಬ್ಬನು ಹಳೆಯ ಹಸ್ತಪ್ರತಿಯೊಂದನ್ನು ಕಂಡುಹಿಡಿದು ಆ ಶ್ರಮವನ್ನೆಲ್ಲ ನಿರರ್ಥಕಗೊಳಿಸುತ್ತಾನೆ. ಉಳಿದ ಕೀರ್ತಿಯೆಂದರೆ ಗುರುವಿನ ಗ್ರಂಥದ ಒಂದು ಅಡಿಟಿಪ್ಪಣಿಯಲ್ಲಿ ಬಂದ ಹೆಸರು. ಹೀಗಿರಲು, ಮಗ ಊರಿಯೆಲನಿಗೆ ಸಲ್ಲಬೇಕಾದ ಇಸ್ರೇಲ್ ಪ್ರಶಸ್ತಿಯ ವಾರ್ತೆಯು ತಪ್ಪಿ ತಂದೆಗೆ ಮುಟ್ಟುತ್ತದೆ. ತಂದೆಯ ಎದೆಯೊಡೆಯಬಾರದೆಂದು ಮಗನು ತನ್ನ ಹಕ್ಕನ್ನು ಬಿಟ್ಟು, ತೀರ್ಪುಗಾರರ ಪ್ರಶಂಸಾವಾಕ್ಯಗಳನ್ನು ತಾನೇ ಬರೆಯುತ್ತಾನೆ. ತಂದೆಯಾದರೋ ವೃತ್ತಪತ್ರಿಕೆಯವರ ಮುಂದೆ ಮಗನ ಪಾಂಡಿತ್ಯವನ್ನೇ ಹಗುರ ಮಾಡುತ್ತಾನೆ. ಕಡೆಗೆ, ಜೀವಮಾನವೆಲ್ಲ ಪದಗಳನ್ನು ಶೋಧಿಸಿದ ಆ ಕಣ್ಣೇ ಪ್ರಶಂಸೆಯ ಪದಪ್ರಯೋಗದಲ್ಲಿ ಮಗನ ಕೈಯನ್ನು ಗುರುತಿಸುತ್ತದೆ.

ಇಲ್ಲಿ ನಾಡನ್ನು ಹಳಿದುದೆಲ್ಲಿ? ವಿದ್ಯೆಗಾಗಿ ಬಾಳನ್ನು ತೆತ್ತವನನ್ನು ಲೋಕವು ಮರೆತುದು ಒಂದು ಸತ್ಯ. ಆ ಮುದುಕನೂ ಮತ್ಸರದಿಂದ ಮುಕ್ತನಲ್ಲವೆಂಬುದು ಇನ್ನೊಂದು. ನಿಂದಕನು ಒಂದು ಪಕ್ಷವನ್ನೇ ಹೇಳುವನು. ಈ ಚಿತ್ರವು ಎರಡನ್ನೂ ಹೇಳಿದೆ.

2014ರ ‘ಮಿತಾ ತೋವಾ’, ಎಂದರೆ ‘ಒಳ್ಳೆಯ ಸಾವು’, ಎಂಬ ಚಿತ್ರವು ಮರಣವನ್ನು ಹಾಸ್ಯಕ್ಕೆ ಈಡುಮಾಡಿತೆಂದು ಮುನಿಯುವವರೂ ಇದ್ದಾರೆ. ಜೆರುಸಲೇಮಿನ ವೃದ್ಧನಿವಾಸದ ಗೆಳೆಯರು, ನರಳುವ ಮಿತ್ರನಿಗಾಗಿ ಕಾನೂನಿಗೆ ವಿರುದ್ಧವಾಗಿ ಸಾವಿನ ಯಂತ್ರವನ್ನು ರಚಿಸುವ ಕಥೆಯದು. ಪರರ ಮನೆಯ ಸಾವಿನಲ್ಲಿ ನಗುವಿಗೆ ಎಡೆಯುಂಟು. ಯಂತ್ರವನ್ನು ಮಾಡಿದ ಯೆಹೆಜ್ಕೇಲನ ಸ್ವಂತ ಪತ್ನಿ ಲೆವಾನಾಳ ನೆನಪು ಅಳಿಯತೊಡಗಿದಾಗ ಆ ನಗು ಎಲ್ಲಿ ಉಳಿಯಿತು? ಪೂರ್ತಿಯಾಗಿ ನೋಡದೆ ತೀರ್ಪು ಹೇಳುವುದು ಮೂಲವನ್ನೋದದೆ ಖಂಡನಗ್ರಂಥವನ್ನು ಬರೆದಂತೆ.

ಹಿರಿಯರನ್ನು ಗೌರವಿಸಬೇಕೆನ್ನುವವರು ಮೊದಲು ಅವರ ದುಃಖವನ್ನು ಕೇಳುವ ತಾಳ್ಮೆಯನ್ನು ಕಲಿಯಲಿ. ಊರಿಯೆಲನು ಪ್ರೀತಿಯಿಂದ ಬರೆದ ಸುಳ್ಳು ಕೂಡ ತಂದೆಯ ಮುಪ್ಪಿಗೆ ಊರುಗೋಲಾಗಲಿಲ್ಲ. ಆಕ್ಷೇಪಿಸುವವರು ಬಯಸುವ ಹೊಗಳಿಕೆಯು ಆದೀತೆ?