ಸೊಂಟನೋವಿಗೆ ಪಾಠ ಹೇಳುವವರು ಬೇಕು

ನಿವೃತ್ತಿಗೆ ಮೂರು ವರ್ಷವಿರುವಾಗ, ಅಂದರೆ 2016ರಲ್ಲಿ, ಹತ್ತನೆಯ ತರಗತಿಗೆ ತ್ರಿಕೋನಮಿತಿ ಬೋಧಿಸುತ್ತಿದ್ದ ನಾನು ಕೆಳಗೆ ಬಿದ್ದ ಸೀಮೆಸುಣ್ಣಕ್ಕೆಂದು ಬಗ್ಗಿದವನು ಮೇಲೇಳಲಾಗದೆ ಮೇಜು ಹಿಡಿದು ನಿಂತೆ. ಹುಡುಗರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ವೈದ್ಯರು ಹದಿನೈದು ದಿನ ಮಲಗಿರಲು ಹೇಳಿ, ಸೊಂಟಕ್ಕೊಂದು ಬೆಲ್ಟು ಕೊಟ್ಟು, ಬಗ್ಗಬೇಡಿ, ಭಾರ ಎತ್ತಬೇಡಿ ಎಂದರು. ನಾನು ವಿಧೇಯ ವಿದ್ಯಾರ್ಥಿ. ಆ ನಿಯಮವನ್ನು ಎರಡು ವರ್ಷ ಪಾಲಿಸಿದೆ.

ಬಾವಿಯಿಂದ ನೀರು ಸೇದುವುದು, ಅಕ್ಕಿಯ ಚೀಲ ಒಳಗಿಡುವುದು ಎಲ್ಲವೂ ನನ್ನಾಕೆಯ ಪಾಲಾಯಿತು. ಅವಳಿಗೂ ವರ್ಷಗಳಿಂದ ಸೊಂಟನೋವಿತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಹೇಳಲಿಲ್ಲವೇಕೆಂದು ಕೇಳಿದರೆ, "ಇಬ್ಬರೂ ಮಲಗಿದರೆ ಒಲೆ ಹಚ್ಚುವವರು ಯಾರು?" ಎಂದಳು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ನಡುವೆ ಒಂದು ಆಸ್ಪತ್ರೆಯಲ್ಲಿ ವ್ಯಾಯಾಮದ ಎಂಟು ಚಿತ್ರಗಳಿದ್ದ ಹಾಳೆಯೊಂದನ್ನು ಕೈಗಿತ್ತು ಕಳುಹಿಸಿದ್ದರು. ನಾಲ್ಕು ದಿನ ಮಾಡಿದೆ, ನೋವು ಹೆಚ್ಚಿತು, ಹೆದರಿ ಬಿಟ್ಟೆ. ಹಾಳೆ ಪಂಚಾಂಗದೊಳಗೆ ಸೇರಿತು. ಪಠ್ಯಪುಸ್ತಕ ಕೊಟ್ಟು ಮಕ್ಕಳನ್ನು ಮನೆಗೆ ಕಳುಹಿಸಿ, ಪರೀಕ್ಷೆಯಲ್ಲಿ ನಪಾಸಾದರೆಂದು ಬೈಯುವ ಉಪಾಧ್ಯಾಯನನ್ನು ನಾವು ಒಪ್ಪುತ್ತೇವೆಯೇ?

2018ರಲ್ಲಿ ಕಂಡ ತರುಣ ಫಿಸಿಯೋಥೆರಪಿಸ್ಟ್ ಮೊದಲು ಕೇಳಿದ್ದು, "ಸಾರ್, ಯಾವ ಕೆಲಸ ಮಾಡಲಾಗದೆ ನಿಮಗೆ ಬೇಸರವಾಗಿದೆ?" ಎಂದು. ನೀರಿನ ಕೊಡ ಎತ್ತಲಾರೆ ಎಂದೆ. ಆತ ಒಂದು ಲೀಟರಿನ ತಂಬಿಗೆಯನ್ನು ಮೇಜಿನ ಮೇಲಿಂದ ಎತ್ತಿಸಿದ. ಮುಂದಿನ ವಾರ ಸ್ಟೂಲಿನ ಮೇಲಿಂದ, ಆಮೇಲೆ ನೆಲದಿಂದ. ಸುಲಭದಿಂದ ಕಠಿಣಕ್ಕೆ, ತಿಳಿದದ್ದರಿಂದ ತಿಳಿಯದ್ದಕ್ಕೆ ಎಂದು ಬಿ.ಎಡ್. ತರಗತಿಯಲ್ಲಿ ನಾವು ಉರುಹೊಡೆದ ಸೂತ್ರವನ್ನು ಆತ ನನ್ನ ಬೆನ್ನಿನ ಮೇಲೆ ಪ್ರಯೋಗಿಸುತ್ತಿದ್ದ! ಆರಂಭದಲ್ಲಿ ನೋವು ತುಸು ಏರಿದರೂ ಮರುದಿನಕ್ಕೆ ಇಳಿದರೆ ಗಾಬರಿ ಬೇಡ, ನೋವಾಯಿತೆಂದರೆ ಪೆಟ್ಟಾಯಿತೆಂದು ಅರ್ಥವಲ್ಲ ಎಂದು ತಿಳಿಸಿದವನೂ ಆತನೇ. ಈ ಒಂದು ವಾಕ್ಯ ಆ ಹಾಳೆಯಲ್ಲಿರಲಿಲ್ಲ.

ಕಾಲಿನಲ್ಲಿ ಬಲ ಕುಗ್ಗುವುದು, ಮಲಮೂತ್ರದ ಹಿಡಿತ ತಪ್ಪುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದು ಪೆಟ್ಟಾಗಿರುವುದು, ಇವುಗಳ ಮಾತು ಬೇರೆ. ಅಂಥವರು ತಡಮಾಡದೆ ವೈದ್ಯರನ್ನು ಕಾಣಬೇಕು. ನಾನು ಹೇಳುತ್ತಿರುವುದು ಮೂರು ತಿಂಗಳು ಮೀರಿಯೂ ಬಿಡದ, ನಿರ್ದಿಷ್ಟ ಕಾಯಿಲೆಯೊಂದನ್ನು ಬೊಟ್ಟುಮಾಡಿ ತೋರಲಾಗದ ನೋವಿನ ವಿಷಯ. 2021ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ ಇಂಥ ನೋವಿಗೆ ವ್ಯಾಯಾಮ ಕೊಟ್ಟು ನೋಡಿದ 249 ಪ್ರಯೋಗಗಳನ್ನು ಒಟ್ಟುಗೂಡಿಸಿತು. ಚಿಕಿತ್ಸೆಯಿಲ್ಲದವರು ಅಥವಾ ಎಂದಿನ ಉಪಚಾರ ಪಡೆದವರಿಗಿಂತ ವ್ಯಾಯಾಮ ಮಾಡಿದವರ ನೋವು ನೂರರ ಅಳತೆಯಲ್ಲಿ ಸರಾಸರಿ 15ರಷ್ಟು ಕಡಿಮೆಯಿತ್ತು. ದಿನನಿತ್ಯದ ಚಟುವಟಿಕೆಯಲ್ಲಿ ಕಂಡ ಸುಧಾರಣೆ ಇನ್ನೂ ಸಣ್ಣದು. ಪವಾಡವೇನಲ್ಲ. ಆದರೆ ಇಪ್ಪತ್ತು ಅಂಕದ ಹುಡುಗ ಮೂವತ್ತೈದಕ್ಕೇರಿ ತೇರ್ಗಡೆಯಾದರೆ ಆ ಹದಿನೈದರ ಬೆಲೆಯೇನೆಂದು ಮೇಷ್ಟರುಗಳಿಗೆ ಹೇಳಬೇಕಿಲ್ಲ. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ ವ್ಯಾಯಾಮವನ್ನೂ ರೋಗಿಗೆ ತಿಳಿವಳಿಕೆ ನೀಡುವುದನ್ನೂ ಶಿಫಾರಸು ಮಾಡಿ, ಬೆಲ್ಟನ್ನೂ ಬೆನ್ನು ಜಗ್ಗುವ ಟ್ರಾಕ್ಷನ್ನನ್ನೂ ರೂಢಿಯಂತೆ ಕೊಡಬಾರದೆಂದಿದೆ.

ಆಸ್ಟ್ರೇಲಿಯಾದ ಪ್ರಯೋಗವೊಂದು 2024ರಲ್ಲಿ ಪ್ರಕಟವಾಯಿತು. ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡಿದ್ದ 701 ಮಂದಿಯಲ್ಲಿ ಒಂದು ಗುಂಪಿಗೆ ಹಂತಹಂತವಾಗಿ ನಡಿಗೆ ರೂಢಿಸಿದರು. ಅವರಲ್ಲಿ ನೋವು ಮರುಕಳಿಸಲು ಹಿಡಿದ ಮಧ್ಯಾಂಕ ಅವಧಿ 208 ದಿನ, ಉಳಿದವರಲ್ಲಿ 112. ಜನ ಇದನ್ನು ಓದಿ ನಡೆದರೆ ಸಾಕೆಂದುಕೊಂಡರು. ಅವರಿಗೆ ಆರು ತಿಂಗಳಲ್ಲಿ ಆರು ಬಾರಿ ಫಿಸಿಯೋಥೆರಪಿಸ್ಟರ ಮಾರ್ಗದರ್ಶನವಿತ್ತೆಂಬುದನ್ನು ಯಾರೂ ಗಮನಿಸಲಿಲ್ಲ.

ನನ್ನ ತಕರಾರು ಇಷ್ಟೇ. ಸ್ಕ್ಯಾನಿಗೆ ಸಾವಿರಾರು ರೂಪಾಯಿ ಎಣಿಸಲು ನಾವು ಸಿದ್ಧ. ಕೂತು ಕಲಿಸುವವರಿಗೆ ಅರ್ಧ ಗಂಟೆಯ ಸಂಬಳ ಕೊಡಲು ಯಾರೂ ಸಿದ್ಧರಿಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ವ್ಯಾಯಾಮ ಕಲಿಸುವ, ಮುಂದಿನ ವಾರ ಕರೆದು ಹೋಂವರ್ಕು ನೋಡುವ ಒಬ್ಬರು ಇರಬೇಕು. ಬಾರದ ಹೆಂಗಸರನ್ನು ಹುಡುಕಿಕೊಂಡು ಹೋಗುವವರೂ ಬೇಕು. ಏಕೆಂದರೆ ಅವರು ತಾವಾಗಿ ಬರುವುದಿಲ್ಲ.

ಈಗ ನೀರು ಸೇದುವವನು ನಾನು. ಬೆಳಗ್ಗೆ ಆರಕ್ಕೆ ನಾವಿಬ್ಬರೂ ಚಾಪೆ ಹಾಸುತ್ತೇವೆ. ಅವಳು ಎಣಿಕೆ ತಪ್ಪಿಸಿದರೆ ನಾನು ತಿದ್ದಕೂಡದೆಂಬುದು ಅವಳ ಷರತ್ತು.