ಸಾಲವಾಗಿ ಬಂದ ಸಾಲು

ಸಹೋದರಿಯರೇ, ಬರೆಯಲು ಕುಳಿತಾಗ ‘ಇದನ್ನು ಯಾರೋ ಈಗಾಗಲೇ ಹೇಳಿದ್ದಾರಲ್ಲ’ ಎಂದು ಪೆನ್ನು ಕೆಳಗಿಡುವ ಅಭ್ಯಾಸ ನಿಮಗೂ ಇದೆಯೇ? ಹಾಗಾದರೆ ಹೋಳೂರಿಗೆ ಹತ್ತಿರದ ಮುಳಬಾಗಿಲಿನ ಒಂದು ಉದಾಹರಣೆ ನೋಡಿ. ಅದರ ಮೂಲ ಮಾತ್ರ ದೂರದ ಪರ್ಷಿಯಾದ್ದು.

ಉಮರ್ ಖಯ್ಯಾಮ್ 1048ರಲ್ಲಿ ನಿಶಾಪುರದಲ್ಲಿ ಹುಟ್ಟಿದ ಗಣಿತಜ್ಞ, ಖಗೋಳ ವಿಜ್ಞಾನಿ. ಅವರ ಹೆಸರಿನಲ್ಲಿರುವ ನಾಲ್ಕು ಸಾಲಿನ ರುಬಾಯಿಗಳನ್ನು ಎಡ್ವರ್ಡ್ ಫಿಟ್ಜೆರಾಲ್ಡ್ 1859ರಲ್ಲಿ ಇಂಗ್ಲಿಷಿಗೆ ತಂದರು. ಪದಕ್ಕೆ ಪದ ಇಡಲಿಲ್ಲ. ಕೆಲವನ್ನು ಕೂಡಿಸಿದರು, ಕೆಲವನ್ನು ಬದಲಿಸಿದರು. ಅದನ್ನು ಮೆಚ್ಚಿ, ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಕನ್ನಡದಲ್ಲಿ ‘ಉಮರನ ಒಸಗೆ’ ಬರೆದರು. ಸಾಲ ಕೊಟ್ಟವರ ಹೆಸರು ಪುಸ್ತಕದ ಹಣೆಯ ಮೇಲೆಯೇ ಇದೆ. ಮುಂದೆ 1943ರಲ್ಲಿ ಅವರ ‘ಮಂಕುತಿಮ್ಮನ ಕಗ್ಗ’ ಬಂತು. ಅಲ್ಲಿಯೂ ನಾಲ್ಕು ಸಾಲಿನ ಪದ್ಯಗಳೇ. ಆದರೆ ಅದು ಅನುವಾದವಲ್ಲ, ಸ್ವಂತ ಕೃತಿ.

ಉರ್ದುವಿನ ತರಹೀ ಮುಷಾಯಿರಾದಲ್ಲಿ ಒಂದು ಸಾಲನ್ನು ಮೊದಲೇ ಕೊಡುತ್ತಾರೆ. ಅದರ ಛಂದಸ್ಸು, ಪ್ರಾಸ ಹಿಡಿದು ಪ್ರತಿಯೊಬ್ಬ ಕವಿಯೂ ತನ್ನ ಗಜಲ್ ಕಟ್ಟಬೇಕು. ಅಲ್ಲಿ ಯಾರನ್ನೂ ಕಳ್ಳರೆನ್ನುವುದಿಲ್ಲ. ಏಕೆಂದರೆ ಪಡೆದ ಸಾಲು ಯಾವುದೆಂದು ಸಭೆಗೆಲ್ಲ ಗೊತ್ತು.

ಹಾಗೆಂದು ಇನ್ನೊಬ್ಬರ ಕಥೆಯ ಪಾತ್ರಗಳಿಗೆ ಬೇರೆ ಹೆಸರಿಟ್ಟು ಪತ್ರಿಕೆಗೆ ಕಳುಹಿಸಬಹುದೇ? ಖಂಡಿತ ಬೇಡ. ಅದು ಸಾಲವಲ್ಲ, ಕಳವು. ಮೆಚ್ಚಿದ ಕಥೆಯಿಂದ ಒಂದು ಪ್ರಶ್ನೆ ಎತ್ತಿಕೊಂಡು ಪುಸ್ತಕ ಮುಚ್ಚಿಡಿ. ನಿಮ್ಮ ಓಣಿಯ, ನಿಮ್ಮ ಅಡುಗೆಮನೆಯ ಮಾತಿನಲ್ಲಿ ಉತ್ತರ ಬರೆಯಿರಿ. ಎಲ್ಲಿಂದ ಪಡೆದಿರೆಂದು ಒಂದು ಸಾಲಿನಲ್ಲಿ ಹೇಳಿಬಿಡಿ. ಸಾಲ ಒಪ್ಪಿಕೊಂಡರೆ ಮಾನ ಹೋಗದು. ಬರೆಯದೇ ಉಳಿದರೆ ನಿಮ್ಮ ಮಾತು ಯಾರಿಗೂ ತಲುಪದು.