ಶಿಕ್ಷೆಯ ತೀರ್ಪೇ ಕೊನೆಯ ಮಾತಲ್ಲ

ಪೇಟೆಯ ಅಂಗಡಿಗೆ ನುಗ್ಗಿ, ಮಾಲಕನನ್ನು ಬೆದರಿಸಿ ಹಣ ದೋಚಲು ಯತ್ನಿಸಿದ ಆರೋಪದಲ್ಲಿ ಯುವಕನೊಬ್ಬನಿಗೆ ಶಿಕ್ಷೆಯಾಯಿತೆಂದರೆ ಮನೆಯವರು ತಲೆ ತಗ್ಗಿಸುತ್ತಾರೆ. ನೆಂಟರು ದೂರ ಸರಿಯುತ್ತಾರೆ. ಮೊಹಲ್ಲಾದ ಹಿರಿಯರು 'ಮಾಡಿದ್ದುಣ್ಣೋ ಮಹಾರಾಯ' ಎಂದು ಸುಮ್ಮನಾಗುತ್ತಾರೆ. ಮೇಲ್ಮನವಿಯ ಮಾತನ್ನು ಯಾರೂ ಎತ್ತುವುದಿಲ್ಲ. ಈ ಮೌನ ಎಷ್ಟು ಸರಿ?

ಅಪರಾಧವನ್ನು ಸಮರ್ಥಿಸುವುದು ನಮ್ಮ ಉದ್ದೇಶವಲ್ಲ. ಬೆವರು ಸುರಿಸಿ ಅಂಗಡಿ ಕಟ್ಟಿದವನ ಭಯವನ್ನು ನಾವು ಲಘುವಾಗಿ ಕಾಣುವುದೂ ಇಲ್ಲ. ತಪ್ಪಿತಸ್ಥನಿಗೆ ಶಿಕ್ಷೆಯಾಗಲಿ. ಆದರೆ ಒಂದು ನ್ಯಾಯಾಲಯದ ತೀರ್ಪನ್ನು ಇನ್ನೊಂದು ನ್ಯಾಯಾಲಯ ಪರಿಶೀಲಿಸಲಿ ಎಂದು ಕೋರುವುದು ಅಪರಾಧದ ಸಮರ್ಥನೆ ಹೇಗಾಗುತ್ತದೆ? ಶಿಕ್ಷಿತನಿಗೆ ಕನಿಷ್ಠ ಒಂದು ಮೇಲ್ಮನವಿಯ ಅವಕಾಶ, ತೀರ್ಪಿನ ಉಚಿತ ಪ್ರತಿ ಮತ್ತು ಬಡವನಾದರೆ ವಕೀಲರ ನೆರವು ಸಿಗಲೇಬೇಕೆಂದು ಸುಪ್ರೀಮ್ ಕೋರ್ಟು 1978ರ ಹೊಸ್ಕೋಟ್ ಪ್ರಕರಣದಲ್ಲೇ ಸಾರಿದೆ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಇದನ್ನು ಸಂವಿಧಾನದ 21ನೇ ವಿಧಿಯ ಭಾಗವಾಗಿ ಕಂಡರು.

ಸುಲಿಗೆ ಯತ್ನದ ಮೊಕದ್ದಮೆಗಳಲ್ಲಿ ಮರುಪರಿಶೀಲನೆಯ ಅಗತ್ಯ ಇನ್ನೂ ಹೆಚ್ಚು. ಯತ್ನ ವಿಫಲವಾದುದರಿಂದ ಅನೇಕ ವೇಳೆ ಕಳವಾದ ಸೊತ್ತೇ ಇರುವುದಿಲ್ಲ. ಎಲ್ಲವೂ ಸಾಕ್ಷಿಯ ಕಣ್ಣನ್ನು ಅವಲಂಬಿಸಿರುತ್ತದೆ. ಮುಖ ಕಾಣುವಷ್ಟು ಬೆಳಕಿತ್ತೇ? ಗುರುತು ಪತ್ತೆ ಪರೇಡ್ ನಡೆಯಿತೇ? ಪೊಲೀಸರ ಮುಂದೆ ನೀಡಿದ ತಪ್ಪೊಪ್ಪಿಗೆಯನ್ನೇ ಆಧಾರವಾಗಿಸಲಾಯಿತೇ? ಆರೋಪಿಯ ಕೈಯಲ್ಲಿ ನಿಜಕ್ಕೂ ಮಾರಕಾಯುಧವಿತ್ತೇ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಂತೆ ಸುಲಿಗೆ ಯತ್ನಕ್ಕೆ ಗರಿಷ್ಠ 7 ವರ್ಷ ಕಠಿಣ ಸಜೆ. ಮಾರಕಾಯುಧವಿತ್ತೆಂದು ಸಾಬೀತಾದರೆ ಕನಿಷ್ಠ ಶಿಕ್ಷೆಯೇ 7 ವರ್ಷ. ಒಂದು ಚೂರಿಯ ಕುರಿತಾದ ಸಾಕ್ಷ್ಯ ಒಬ್ಬನ ಯೌವನವನ್ನೇ ನಿರ್ಧರಿಸುತ್ತದೆ ಎಂದಾದರೆ, ಆ ಸಾಕ್ಷ್ಯವನ್ನು ಇನ್ನೊಮ್ಮೆ ತೂಗಿ ನೋಡುವುದು ಬೇಡವೇ?

ಇಲ್ಲಿ ಕಾಲವೇ ದೊಡ್ಡ ಶತ್ರು. ಮ್ಯಾಜಿಸ್ಟ್ರೇಟರು ವಿಧಿಸಿದ ಶಿಕ್ಷೆಯ ವಿರುದ್ಧ 30 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬೇಕು. ಸೆಷನ್ಸ್ ನ್ಯಾಯಾಲಯವೇ ಶಿಕ್ಷೆ ವಿಧಿಸಿದ್ದರೆ ಹೈಕೋರ್ಟಿಗೆ ಹೋಗಲು 60 ದಿನಗಳಿವೆ. ಸಕಾರಣವಿದ್ದರೆ ವಿಳಂಬವನ್ನು ನ್ಯಾಯಾಲಯ ಮನ್ನಿಸಬಹುದಾದರೂ ಅದನ್ನೇ ನಂಬಿ ಕೂರುವುದು ವಿವೇಕವಲ್ಲ. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಶಿಕ್ಷೆ ತಾನಾಗಿ ನಿಲ್ಲುವುದೂ ಇಲ್ಲ. ಶಿಕ್ಷೆಯ ಅಮಾನತು ಮತ್ತು ಜಾಮೀನಿಗೆ ಪ್ರತ್ಯೇಕವಾಗಿ ಕೋರಬೇಕು.

ಮೇಲ್ಮನವಿ ಸಲ್ಲಿಸಿದರೆ ಶಿಕ್ಷೆ ಹೆಚ್ಚಾದೀತು ಎಂಬ ಭಯವೂ ಕೆಲವರಲ್ಲಿದೆ. ಶಿಕ್ಷಿತನು ತಾನಾಗಿ ಸಲ್ಲಿಸಿದ ಮೇಲ್ಮನವಿಯಲ್ಲಿ ಶಿಕ್ಷೆಯನ್ನು ಹೆಚ್ಚಿಸಲು ಕಾನೂನು ಅನುಮತಿಸುವುದಿಲ್ಲ. ನಿಜವಾಗಿ ಭಯಪಡಬೇಕಾದದ್ದು, 'ತಪ್ಪೊಪ್ಪಿಕೊಂಡುಬಿಡು, ಬೇಗ ಮುಗಿಯುತ್ತದೆ' ಎಂಬ ಸಲಹೆಗೆ. ಹಾಗೆ ಒಪ್ಪಿಕೊಂಡು ಶಿಕ್ಷೆಗೊಳಗಾದವನು ಸಾಮಾನ್ಯವಾಗಿ ಶಿಕ್ಷೆಯ ಪ್ರಮಾಣ ಮತ್ತು ಅದರ ಕಾನೂನುಬದ್ಧತೆಯನ್ನು ಮಾತ್ರ ಪ್ರಶ್ನಿಸಬಲ್ಲ. ತಾನು ನಿರಪರಾಧಿ ಎಂದು ವಾದಿಸುವ ಬಾಗಿಲು ಅವನ ಪಾಲಿಗೆ ಮುಚ್ಚಿರುತ್ತದೆ.

ಹಣವಿಲ್ಲ ಎಂಬುದು ಕೈಚೆಲ್ಲಲು ಕಾರಣವಾಗಬಾರದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಬಂಧನದಲ್ಲಿರುವ ವ್ಯಕ್ತಿಯು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹ. ಜೈಲಿನಲ್ಲಿರುವವನು ಜೈಲಧಿಕಾರಿಯ ಮೂಲಕವೇ ಮೇಲ್ಮನವಿ ಸಲ್ಲಿಸಬಹುದು. ಹೀಗಿದ್ದೂ ಮನೆಯವರು ಮಧ್ಯವರ್ತಿಗಳ ಕೈಗೆ ಒಡವೆ ಮಾರಿದ ಹಣವನ್ನು ಸುರಿಯುವುದು ವಿಪರ್ಯಾಸವಲ್ಲದೆ ಇನ್ನೇನು?

ಮದುವೆ, ಮುಂಜಿ, ಆಸ್ಪತ್ರೆಯ ಖರ್ಚಿಗೆ ಮುಂದಾಗುವ ನಮ್ಮ ಸಂಘಟನೆಗಳು ಈ ವಿಷಯದಲ್ಲೂ ಹೊಣೆ ಹೊರಬೇಕಾಗಿದೆ. ಅದಕ್ಕೆ ದೊಡ್ಡ ನಿಧಿಯೇನೂ ಬೇಕಿಲ್ಲ. ತೀರ್ಪಿನ ಪ್ರತಿ ಕೈಸೇರಿತೇ, ಕೊನೆಯ ದಿನಾಂಕ ಯಾವುದು ಎಂದು ವಿಚಾರಿಸುವ ಒಬ್ಬ ವಿದ್ಯಾವಂತ, ಆ ತಾಯಿಯ ಜೊತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೆಟ್ಟಿಲು ಹತ್ತುವ ಇನ್ನೊಬ್ಬ, ಇಷ್ಟಿದ್ದರೆ ಸಾಕು. ಆತ ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದನ್ನು ಮೇಲಿನ ನ್ಯಾಯಾಲಯ ನಿರ್ಧರಿಸಲಿ. 30 ದಿನಗಳು ವ್ಯರ್ಥವಾಗಿ ಕಳೆದುಹೋಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.